ಎರಡು ನಿಮಿಷದಲ್ಲಿ ಮುಗಿದ ಅಣ್ಣನ ಎಕೋ

ಬೆನ್ನ ಮೇಲೆ ಕೈಯಾಡಿಸದೆ, ಬಾಯಿ ತೆರೆಸಿ ಹಲ್ಲು ನೋಡದೆ ನಾನು ಒಂದು ಕುರಿಮರಿಯನ್ನೂ ಕೊಂಡವನಲ್ಲ. ಅಕ್ಕಲಕೋಟೆಯ ಸಂತೆಯಲ್ಲಿ ಬರಿಗೈಲಿ ನಿಂತು ವ್ಯಾಪಾರ ಕಲಿತು ಸೋಲಾಪುರದಲ್ಲಿ ಕಂಬಳಿ ಅಂಗಡಿ ಹಾಕಿದವನು. ಅಂಥ ನನ್ನೆದುರಿಗೇ ನನ್ನ ಅಣ್ಣನ ಹೃದಯವನ್ನು ಎರಡು ನಿಮಿಷದಲ್ಲಿ ನೋಡಿ ಮುಗಿಸಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಣ್ಣ ಕುರನೂರಿನಲ್ಲಿ ಕುರಿ ಕಾಯುವವನು. ದಿಬ್ಬ ಹತ್ತಿದರೆ ಏದುಸಿರು ಬಿಡುತ್ತಾನೆಂದು ಅತ್ತಿಗೆ ಫೋನು ಮಾಡಿದಾಗ ಸೋಲಾಪುರದ ಒಂದು ದವಾಖಾನೆಗೆ ಕರೆತಂದೆ. ಎಡಮಗ್ಗುಲಾಗಿ ಮಲಗಿಸಿ, ಎದೆಗೆ ಜೆಲ್ ಹಚ್ಚಿ, ಡಾಕ್ಟರು ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಯಂತ್ರದ ಪ್ರೋಬ್ ಒತ್ತಿದರು. ಇನ್ನೊಂದು ಕೈಯಲ್ಲಿ ಮೊಬೈಲು.

"ಕಾಕಾ, ದಮ್ಮು ಹತ್ತತದೇನು?"

"ಏನಿಲ್ಲರೀ ಸಾಹೇಬ್ರ, ಗಟ್ಟಿ ಅದೀನಿ."

ಸಂತೆಯಲ್ಲಿ ಪರರ ಕೈ ಕುರಿಯ ಮೈಮೇಲೆ ಬಿದ್ದ ಕೂಡಲೇ ನಮ್ಮ ಮನೆತನದ ನಾಲಿಗೆ ಹೀಗೇ ಹೊರಳುತ್ತದೆ. ಗಟ್ಟಿ ಅದ, ಏನೂ ಐಬಿಲ್ಲ. ಅದೇ ಚಾಳಿಯಲ್ಲಿ ನಾನೂ, "ನಮ್ಮಣ್ಣ ಹುಲಿ ಅದಾನ್ರೀ" ಅಂದುಬಿಟ್ಟೆ.

"ಪಂಪಿಂಗ್ ಕಮ್ಮಿ ಅದ. ಗೋಳಿ ಬರದೀನಿ" ಎಂದು ಡಾಕ್ಟರು ಎರಡೇ ನಿಮಿಷಕ್ಕೆ ಪ್ರೋಬ್ ಎತ್ತಿಟ್ಟರು.

ಪರದೆ ತೋರಿಸಿರೆಂದೆ. "ನಿಮಗ ತಿಳಿಯೂದಿಲ್ಲ, ನಡೀರಿ" ಎಂದರು. ನಾನು ಎದ್ದು ಬಂದೆ! ಓದುವವರಿಗೆ ಹೇಳುತ್ತೇನೆ, ನೀವು ಏಳಬೇಡಿ. ಏನು ಕಂಡಿತು, ಏನು ಅಳೆದಿರಿ ಎಂದು ಕೇಳಿ, ತಿಳಿದ ಮೇಲೆಯೇ ಕುರ್ಚಿ ಬಿಡಿ.

ಎಂಟು ತಿಂಗಳು ಗುಳಿಗೆ ನುಂಗಿದರೂ ಅಣ್ಣನ ಕಾಲು ಬಾತವು. ಬೇರೊಬ್ಬ ಡಾಕ್ಟರ ಬಳಿ ಒಯ್ದೆ, ಹೆಣ್ಣುಮಗಳು. ಆಕೆ ದಮ್ಮಿನ ಮಾತೆತ್ತಿದ್ದೇ ತಡ, ಅಣ್ಣ ಮತ್ತೆ "ಗಟ್ಟಿ..." ಎಂದು ಶುರು ಮಾಡಿದ.

"ಅಣ್ಣಾ, ಇಲ್ಲಿ ಯಾರೂ ನಿನ್ನ ಕೊಳ್ಳಾಕ ಬಂದಿಲ್ಲ. ಐಬು ಎಲ್ಲಾ ಹೇಳು."

ಆಗ ಬಾಯಿ ಬಿಟ್ಟ. ಮಲಗಿದರೆ ಉಸಿರು ಕಟ್ಟುತ್ತದಂತೆ, ಗೋಡೆಗೆ ಒರಗಿ ಕೂತೇ ನಿದ್ದೆಯಂತೆ. ಆಕೆ ಅರ್ಧ ತಾಸು ಪ್ರೋಬ್ ಹಿಡಿದು, ಮೂರು ಕಡೆಯಿಂದ ನೋಡಿ, ಹೃದಯದ ಒಂದೊಂದು ಗೋಡೆ ಕುಗ್ಗುವ ಹೊತ್ತನ್ನು ಅಳೆದು, ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

"ನೋಡ್ರಿ ಕಾಕಾ, ನಡುವಿನ ಗೋಡಿ ಮೊದಲ ಕುಗ್ಗತದ. ಈ ಕಡೀದು ತಡಾ ಮಾಡಿ ಕುಗ್ಗತದ. ಎರಡೂ ಕೂಡಿ ಹಿಂಡೂದಿಲ್ಲ."

ಅಣ್ಣ ಕಣ್ಣು ಕಿರಿದು ಮಾಡಿ ನೋಡಿದ. "ತೊಯ್ದ ಕಂಬಳಿ ಇಬ್ಬರು ಹಿಡದು ಹಿಂಡೂ ಮುಂದ ಒಬ್ಬಾಂವ ಹಿಂದ ಬಿದ್ದಂಗ ಆತು. ನೀರು ಒಳಗ ಉಳೀತದ. ಆ ಇನ್ನೊಬ್ಬನ್ನ ಎಬ್ಬಸಾಕ ಬರತದೇನವ್ವಾ?"

ತಿಳಿಯೂದಿಲ್ಲವಂತೆ ನಮಗೆ!

"ಬರತದ. ಎರಡೂ ಕಡೆ ಒಮ್ಮೆಗೇ ತಟ್ಟೂ ಪೇಸ್‌ಮೇಕರ್ ಅದ. ಎಲ್ಲಾರಿಗೂ ಗುಣ ಬೀಳತದಂತ ಹೇಳೂದಿಲ್ಲ. ನಿಮ್ಮ ಇಸಿಜಿ ನೋಡಿದ್ರ ನಿಮಗ ಆಗೂ ಆಸೆ ಭಾಳ ಅದ."

"ಹಾಕ್ರಿ. ಆದ್ರ ಎಂಟು ತಿಂಗಳ ಹಿಂದೂ ಹಿಂಗ ಇತ್ತೇನು?"

ಡಾಕ್ಟರು, "ಇದ್ದಿರಬೇಕು ಕಾಕಾ" ಅಂದರು.

ಪೇಸ್‌ಮೇಕರ್ ಹಾಕುವ ದಿನ ಗೊತ್ತುಮಾಡಿಕೊಂಡು ಹೊರಗೆ ಬಂದು ಗಾಡಿಯನ್ನು ಆ ಮೊದಲಿನ ಡಾಕ್ಟರ ದವಾಖಾನೆಯ ಕಡೆ ತಿರುಗಿಸಿದೆ. ಆವತ್ತು ಅವರ ಮೇಜು ಒಡೆಯುವಷ್ಟು ಸಿಟ್ಟಿತ್ತು. ಅಣ್ಣ ನನ್ನ ರಟ್ಟೆ ಹಿಡಿದ.

"ಜಗಳಾಡಾಕ ಹೊಂಟೀಯೇನು? ಹೋಗೂಣು ನಡಿ. ಅವರು ಮೊದಲ ಕೇಳತಾರ, ಹುಲಿ ಅಂದಾಂವ ಯಾರಂತ."

ಗಾಡಿಯನ್ನು ಊರಿನ ಕಡೆ, ಅಕ್ಕಲಕೋಟೆ ರಸ್ತೆಗೆ ಹೊರಳಿಸಿದೆ.