ಮಗ್ರಿಬ್ ಆಗಿತ್ತೋ, ಇಲ್ಲವೋ

ಕ್ಲಾಟೆನ್ ಊರಿನ ನಮ್ಮ ಓಣಿಯಲ್ಲಿ ಯಾರೇ ತೀರಿಕೊಂಡರೂ ಮನೆಯವರು ಮಣ್ಣು ಮುಗಿಸಿ ನೇರ ಬರುವುದು ಸುವಾರ್ತಿಯ ಅಚ್ಚಿನ ಅಂಗಡಿಗೆ. ನಲವತ್ತನೆಯ, ನೂರನೆಯ, ಸಾವಿರದ ದಿನದ ಊಟಕ್ಕೆ ಬಂದವರಿಗೆ ಸತ್ತವರ ಹೆಸರು, ಫೋಟೊ ಇರುವ ಯಾಸೀನ್ ಪ್ರಾರ್ಥನೆಯ ಪುಸ್ತಕ ಹಂಚಬೇಕಲ್ಲ. ಎದುರಿಗೆ ಚಹಾದಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷ ಅದನ್ನೇ ನೋಡಿದವಳು ನಾನು.

ಆ ದಿನಗಳ ಲೆಕ್ಕ ಹಾಕುತ್ತಿದ್ದುದು ಅವಳ ಕಂಪ್ಯೂಟರ್. ಕಪ್ಪು ಪರದೆ, ಹಸಿರು ಅಕ್ಷರ. ಗಂಡ ದರ್ಮಾಜಿ ತಾನೇ ಕೂತು ಬರೆದ ಪ್ರೋಗ್ರಾಂ. ಅದರ ಗಡಿಯಾರ ಎಂದೋ ನಿಂತುಹೋಗಿದ್ದರಿಂದ ಬೆಳಿಗ್ಗೆ ಎದ್ದೊಡನೆ ಇವತ್ತಿನ ತಾರೀಕು ಯಾವುದೆಂದು ಕೇಳುತ್ತಿತ್ತು. ಹೇಳಿದರೆ, ಯಾರ ದಿನ ಹತ್ತಿರ ಬಂತೆಂದು ತೋರಿಸುತ್ತಿತ್ತು. ಹೊಸ ಹೆಸರು ಸೇರಿಸುವಾಗ ಇನ್ನೊಂದು ಪ್ರಶ್ನೆ: ಜೀವ ಹೋದಾಗ ಮಗ್ರಿಬ್ ಆಗಿತ್ತೋ, ಇಲ್ಲವೋ? ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಕೂಗಿದರೆ ನಮಗೆ ಮರುದಿನ ಶುರುವಾದಂತೆ. ಒಂದು ದಿನ ತಪ್ಪಿದರೂ ಊಟಕ್ಕೆಂದು ಮನೆಗೆ ಬಂದ ಸತ್ತವರ ಜೀವ ಬಾಗಿಲಲ್ಲಿ ಯಾರನ್ನೂ ಕಾಣದೆ ಹಿಂದಿರುಗುತ್ತದೆ ಎಂದು ನಮ್ಮತ್ತೆ ಹೆದರಿಸುತ್ತಿದ್ದರು. ಸಾವಿರ ದಿನ ಕಳೆದ ಹೆಸರನ್ನು ಯಂತ್ರ ತಾನಾಗಿ ಅಳಿಸಿಹಾಕುತ್ತಿತ್ತು.

ದರ್ಮಾಜಿ ಸತ್ತದ್ದೂ ಅದರ ಮುಂದೆಯೇ, ಒಂದು ಸೋಮವಾರ ಸಂಜೆ, ಕುರ್ಚಿಯಲ್ಲಿ ಕೂತಂತೆ. ಬಾಂಗ್‌ಗೆ ಮೊದಲೇ ಹೋಗಿದ್ದರು ಎಂದಳು ಸುವಾರ್ತಿ. ನಾವೂ ನಂಬಿದೆವು.

ಅವಳ ತಂಗಿಯ ಮಗ ತೋವೊ ಪೇಟೆಯಲ್ಲಿ ಕಂಪ್ಯೂಟರ್ ಮಾರುವವನು. ದೊಡ್ಡಮ್ಮನನ್ನು ಬುಧೆ ಎನ್ನುತ್ತಿದ್ದ. ಬಂದಾಗಲೆಲ್ಲ ಅದೇ ರಾಗ.

"ಬುಧೆ, ಇದು ಯಾವತ್ತೋ ಸತ್ತಿದೆ. ಇದಕ್ಕೊಂದು ಯಾಸೀನ್ ಪುಸ್ತಕ ಮಾಡ್ಸಿ."

"ಓಡ್ತಾ ಇದೆಯಲ್ಲೋ! ನನ್ನ ಮಂಡೀನೂ ಕಿರುಗುಟ್ಟುತ್ತೆ. ಹೊಸ ಬುಧೆ ತಂದ್ಕೋತೀಯಾ?"

"ಪ್ರಪಂಚ ಎಲ್ಲಿಗೋ ಹೋಯ್ತು."

"ಹೋಗ್ಲಿ ಬಿಡು. ಸತ್ತೋರಿಗೇನು ಅವಸರ?"

ಅವಳದು ಬರೀ ಹಟ ಎಂದುಕೊಂಡಿದ್ದೆ. ನನಗೂ ನಗು ಬರುತ್ತಿತ್ತು.

ದರ್ಮಾಜಿಯ ಸಾವಿರದ ದಿನ ಹತ್ತಿರ ಬಂತು. ಶನಿವಾರ ಎಂದಿತು ತೋವೊನ ಫೋನು. ಅಂದು ಹಂಚುವ ಅಕ್ಕಿ ರೊಟ್ಟಿ, ಅಪೆಮ್, ಸುಡಲು ಶುಕ್ರವಾರ ಬೆಳಿಗ್ಗೆಯೇ ನಾನು ಅವಳ ಮನೆಗೆ ಹೋಗಿ ಅಕ್ಕಿ ನೆನೆಹಾಕಿದೆ. ಅಷ್ಟರಲ್ಲಿ ತೋವೊ ಹೊಸ ಕಂಪ್ಯೂಟರಿನ ಪೆಟ್ಟಿಗೆ ಹೊತ್ತು ಬಂದ. ನೆಂಟರೆದುರು ಈ ಡಬ್ಬ ಇರಕೂಡದಂತೆ. ಗುಜರಿಯವನಿಗೂ ಹೇಳಿಯಾಗಿತ್ತು.

"ಇವತ್ತೊಂದು ಸಲ ಹಚ್ಚಿಬಿಡ್ತೀನಿ," ಎಂದಳು ಸುವಾರ್ತಿ. ದನಿ ಸಣ್ಣಗಾಗಿತ್ತು.

ಯಂತ್ರ ಎಂದಿನಂತೆ ತಾರೀಕು ಕೇಳಿತು. ಒತ್ತಿದಳು. ಹಸಿರು ಅಕ್ಷರದಲ್ಲಿ ಒಂದೇ ಹೆಸರು ಮೂಡಿತು.

ದರ್ಮಾಜಿ. ಮಗ್ರಿಬ್ ಆಗಿತ್ತು. ಸಾವಿರದ ದಿನ: ಭಾನುವಾರ.

ಹಾಡಹಗಲು, ಓಣಿಯಲ್ಲಿ ಸೈಕಲ್ ಗಂಟೆ ಕೇಳುತ್ತಿತ್ತು. ನಾನು ಪರದೆಯ ಹತ್ತಿರ ಹೋಗಿ ಮತ್ತೊಮ್ಮೆ ಓದಿದೆ.

"ಭಾನುವಾರ ಅಲ್ಲ, ಶನಿವಾರ," ತೋವೊ ನಕ್ಕ. "ನೋಡಿದ್ರಾ, ಲೆಕ್ಕಾನೂ ಕೆಟ್ಟಿದೆ. ಬುಧೆ, ಮಗ್ರಿಬ್ ಆಗಿತ್ತು ಅಂತ ಯಾಕೆ ಒತ್ತಿದ್ರಿ?"

"ನಾನು ಒತ್ತಿಲ್ಲ."

"ಮರ್ತಿರ್ತೀರಿ."

"ಅವರ ಹೆಸರನ್ನೇ ನಾನು ಇದಕ್ಕೆ ಕೊಟ್ಟಿಲ್ಲ ಕಣೋ. ಕೊಟ್ರೆ ಆ ಒಂದು ಪ್ರಶ್ನೆ ಕೇಳುತ್ತಲ್ಲ!"

ತೋವೊನ ನಗು ನಿಂತಿತು. ಅವಳು ಪರದೆ ನೋಡುತ್ತಲೇ ಮಾತಾಡಿದಳು, ನಮ್ಮ ಕಡೆ ತಿರುಗಲೇ ಇಲ್ಲ.

"ಬಾಂಗ್ ಮುಗಿದಿತ್ತು. ನಾನು ಒಳಗೆ ಸೋಯಾ ತೆಂಪೆ ಕರೀತಿದ್ದೆ. 'ಸುವಾರ್ತಿ, ಸ್ವಲ್ಪ ಬಾ' ಅಂದ್ರು. 'ಬಂದೆ' ಅಂದೆ. ದಿನಾ ಕರೀತಿದ್ರಲ್ಲ, ಆ ಅಕ್ಷರ ನೋಡು, ಈ ಅಕ್ಷರ ನೋಡು ಅಂತ. ಬಾಣಲೆ ಇಳಿಸ್ಲಿಲ್ಲ. ಕರಿಯೋದೆಲ್ಲ ಮುಗಿಸಿ ಹೋದೆ." ಬೆರಳಿನಿಂದ ಪರದೆಯ ದೂಳು ಒರೆಸಿದಳು. "ಕರೆದ್ರೂ ಹೋಗ್ಲಿಲ್ಲ ಅಂತ ಹೇಳೋಕಾಗ್ದೆ, ಮೊದ್ಲೇ ಹೋಗಿದ್ರು ಅಂತ ನಿಮಗೆಲ್ಲ ಹೇಳಿದೆ. ನಲವತ್ತು, ನೂರು, ಎಲ್ಲಾ ಒಂದಿನ ಮುಂಚೆ ಮಾಡ್ಸಿದೆ. ಇವರು ಬಂದು ಬಂದು ವಾಪಸ್ ಹೋಗಿರ್ತಾರೆ."

ಇಪ್ಪತ್ತು ವರ್ಷ ಎದುರಿಗಿದ್ದೂ ಇದು ನನಗೆ ಗೊತ್ತಿರಲಿಲ್ಲ. ಹೆಸರು ಯಾರು ಸೇರಿಸಿದರು ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ತೋವೊ ಗುಜರಿಯವನಿಗೆ ಫೋನು ಮಾಡಿ ಬರಬೇಡವೆಂದ. ಭಾನುವಾರಕ್ಕೆ ಮತ್ತೆ ನೆನೆಸಿದರಾಯಿತೆಂದು ನಾನು ಅಕ್ಕಿಯ ನೀರು ಬಸಿದಿಟ್ಟೆ.

ಭಾನುವಾರ ಮಧ್ಯಾಹ್ನ ಓಣಿಯೆಲ್ಲ ಬಂದು ಪ್ರಾರ್ಥಿಸಿತು. ದಿನ ಯಾಕೆ ಬದಲಾಯಿತೆಂದು ಕೇಳಿದವರಿಗೆ, ಮಗ್ರಿಬ್ ಆಗಿತ್ತು ಎಂದು ಸುವಾರ್ತಿ ತಾನೇ ಹೇಳಿದಳು. ಸಂಜೆ ಅವಳ ಅಡುಗೆಮನೆಯಲ್ಲಿ ಅವಳಿಗೆಂದು ನಾನು ತೆಂಪೆ ಕರಿಯುತ್ತಿದ್ದೆ. ಬಾಂಗ್ ಮುಗಿಯಿತು. ನನಗಂತೂ ಬೇರೇನೂ ಕೇಳಿಸಲಿಲ್ಲ. ಅವಳು ಮಾತ್ರ ಧಡಕ್ಕನೆ ಎದ್ದು, ನನ್ನ ಕೈಯಿಂದ ಸೌಟು ಕಿತ್ತು, ಒಲೆ ಆರಿಸಿ ಅಂಗಡಿಗೆ ಓಡಿದಳು. ಆ ಮಂಡಿ ಇಟ್ಟುಕೊಂಡು!

"ಬಂದೆ ಕಣ್ರೀ," ಎನ್ನುವುದು ಕೇಳಿಸಿತು.

ಮರುದಿನ ತಾರೀಕು ಒತ್ತಿದಾಗ ಪರದೆಯಲ್ಲಿ ಯಾವ ಹೆಸರೂ ಇರಲಿಲ್ಲ. ತೋವೊನ ಹೊಸ ಪೆಟ್ಟಿಗೆ ಇನ್ನೂ ಬಿಚ್ಚದೆ ಅಲ್ಲೇ ಮೂಲೆಯಲ್ಲಿದೆ. ಮಗ್ರಿಬ್ ಆದ ಮೇಲೆ ಸುವಾರ್ತಿ ಒಲೆ ಹಚ್ಚುವುದಿಲ್ಲ.