ಹದಿನೇಳರ ಸಿಪಾಯಿ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ತಿದ್ದುಪಡಿ ಅಕ್ಕ ಎಂದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಯುದ್ಧದಲ್ಲಿ ಸತ್ತವರ ದಾಖಲೆಗಳಲ್ಲಿ ತಪ್ಪಿದ್ದರೆ ಸರಿಮಾಡುವುದು ಅವಳ ಕೆಲಸ. ತಪ್ಪುಗಳಿಗೇನು ಬರವೇ! ಒಬ್ಬನ ಅಪ್ಪನನ್ನು ಇನ್ನೊಬ್ಬನಿಗೆ ಅಂಟಿಸಿರುತ್ತಾರೆ. ಎರಡು ಮಕ್ಕಳ ತಂದೆಯನ್ನು ಅವಿವಾಹಿತ ಎಂದು ಬರೆದಿರುತ್ತಾರೆ. ಬರೆದ ಪುಣ್ಯಾತ್ಮರು ಹಾರ ಹಾಕಿಸಿಕೊಂಡು ನಿವೃತ್ತರಾದರು, ಬೈಸಿಕೊಳ್ಳುವುದಕ್ಕೆ ಇವಳು.

ಸಂಜೆ ಮನೆಯಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಗಂಡ ಕೇಳುತ್ತಾನೆ, "ಏನೇ, ಇವತ್ತು ಎಷ್ಟು ಜನರ ಹಣೆಬರಹ ತಿದ್ದಿದೆ?"

"ಸತ್ತವರನ್ನ ಬದುಕಿಸೋಕಂತೂ ಆಗಲ್ಲ. ಸರಿಯಾಗಿ ಸಾಯಿಸಿ ಬಂದಿದೀನಿ. ಒಂದು ಲೋಟ ಟೀ ಕೊಡಿ."

ಮೊದಮೊದಲು ಈ ಮಾತಿಗೆ ಇಬ್ಬರೂ ನಗುತ್ತಿದ್ದರು. ಈಗ ಅವನು ಸುಮ್ಮನೆ ಒಲೆ ಹಚ್ಚುತ್ತಾನೆ, ಅವಳು ಕಾಲು ಚಾಚಿ ಗೋಡೆಗೆ ಒರಗುತ್ತಾಳೆ.

ಕೂಗಾಡುವವರಿಗೆ ಅವಳು ಎಂದೂ ಹೆದರಿದವಳಲ್ಲ. ಹೆದರಿದ್ದು ಒಬ್ಬಳಿಗೇ, ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರಮ್ಮನಿಗೆ. ಆ ಹೆಂಗಸು ದನಿ ಎತ್ತುತ್ತಿರಲಿಲ್ಲ. ಬಂದು ಬೆಂಚಿನ ತುದಿಯಲ್ಲಿ ಕೂತು, ಸರದಿ ಬಂದಾಗ ಅದೇ ಮಾತು ಹೇಳುತ್ತಿದ್ದಳು. ಸತ್ತಾಗ ತನ್ನ ಕಿರಿಮಗನಿಗೆ ಹದಿನೇಳು ವರ್ಷ; ದಾಖಲೆಯಲ್ಲಿ ಇಪ್ಪತ್ತೊಂದು ಎಂದಿದೆ. ಸೇನೆಗೆ ಸೇರಿಸುವಾಗ ಅವನ ಅಪ್ಪ ದೊಡ್ಡ ಮಗನ ಜನನ ಪತ್ರ ಕೊಟ್ಟು ಬಂದಿದ್ದ.

ಶಾಲೆಯಿಂದ ತಂದ ಕಾಗದವೆಲ್ಲ ಸರಿಯಾಗಿಯೇ ಇತ್ತು. ಆದರೂ ತಿದ್ದುಪಡಿ ಅಕ್ಕ ಅವಳನ್ನು ಅಲೆಸಿದಳು. ಇವತ್ತು ಸಾಹೇಬರಿಲ್ಲ, ಇಲ್ಲಿ ಮೊಹರು ಮಸುಕಾಗಿದೆ, ಮುಂದಿನ ತಿಂಗಳು ಬನ್ನಿ. ಕಾರಣವಿತ್ತು. ಹದಿನೆಂಟು ತುಂಬದವನ ಭರ್ತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ವಯಸ್ಸು ತಿದ್ದಿದರೆ ಹುಡುಗ ಹುತಾತ್ಮರ ಪಟ್ಟಿಯಿಂದ ಹೋಗುತ್ತಾನೆ, ಕಚೇರಿ ಅಂಗಳದ ಸ್ಮಾರಕದ ಕಲ್ಲಿನ ಮೇಲಿನ ಹೆಸರೂ ಹೋಗುತ್ತದೆ. ಹೆತ್ತವಳಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಅಲೆದು ಅಲೆದು ಬೇಸತ್ತು ತಾನೇ ಬಿಡಲಿ ಎಂದು ಕಾದಳು. ಬೇಸತ್ತದ್ದು ಮಾತ್ರ ಇವಳೇ.

ಆ ದಿನ ಟೈಲರಮ್ಮ ಬೆಂಚಿನಲ್ಲಿ ಕೂರಲಿಲ್ಲ. ನೇರ ಬಂದವಳೇ ಚೀಲದಿಂದ, ಮಗನ ಸಾಮಾನಿನ ಜೊತೆ ವಾಪಸು ಬಂದಿದ್ದ ಸಮವಸ್ತ್ರದ ಪ್ಯಾಂಟು ತೆಗೆದು ಫೈಲುಗಳ ಮೇಲೆ ಹರಡಿದಳು.

"ನೀವು ನನ್ನ ಮಾತು ನಂಬ್ತಿಲ್ಲ ಅನ್ಸುತ್ತೆ ಮೇಡಂ. ಇದನ್ನಾದ್ರೂ ನೋಡಿ. ಸೇರಿದಾಗ ಕಾಲಿಗೆ ಉದ್ದ ಆಗ್ತಿತ್ತು, ಒಳಗೆ ಮಡಚಿ ಹೊಲಿದು ಕಳಿಸಿದೆ. ರಜೆಗೆ ಬಂದಾಗ ಗಿಡ್ಡ ಆಗಿತ್ತು, ಒಂದು ಮಡಿಕೆ ಬಿಚ್ಚಿದೆ. ಮುಂದಿನ ರಜೆಗೆ ಮತ್ತೆ ಗಿಡ್ಡ. ಇನ್ನೊಂದು ಬಿಚ್ಚಿದೆ. ಇಪ್ಪತ್ತೊಂದರ ಗಂಡಸು ಹೀಗೆ ಎತ್ತರ ಬೆಳೀತಾನಾ, ನೀವೇ ಹೇಳಿ."

ಪ್ಯಾಂಟಿನ ಬಣ್ಣ ಮಾಸಿತ್ತು. ಮಡಿಕೆ ಬಿಚ್ಚಿದ ಕಡೆ ಮಾತ್ರ ಹೊಸ ಬಟ್ಟೆಯ ಬಣ್ಣ, ಪಕ್ಕದಲ್ಲಿ ಸೂಜಿಯ ಸಣ್ಣ ತೂತುಗಳ ಸಾಲು. ಇವಳನ್ನು ಇಷ್ಟು ಅಲೆಸಿದೆನಲ್ಲ ಎಂದು ತಿದ್ದುಪಡಿ ಅಕ್ಕನಿಗೆ ನಾಚಿಕೆಯಾಯಿತು.

"ಅಯ್ಯೋ, ನಂಬದೆ ಅಲ್ಲ ತಾಯಿ," ಎಂದು ಕೊನೆಗೂ ಬಾಯಿಬಿಟ್ಟಳು. ಕಿಟಕಿಯಾಚೆಯ ಕಲ್ಲು ತೋರಿಸಿದಳು. "ಹದಿನೇಳು ಅಂತ ಬರೆದ್ರೆ ಅವನು ಸಿಪಾಯಿನೇ ಅಲ್ಲ ಅಂತಾಗುತ್ತೆ. ಅಲ್ಲಿಂದ ಹೆಸರು ಅಳಿಸಿಬಿಡ್ತಾರೆ."

ಟೈಲರಮ್ಮ ಕಲ್ಲನ್ನೇ ನೋಡುತ್ತ ನಿಂತಳು. "ನಮ್ಮನೆಯವರು ಆಗಾಗ ಬಂದು ಅದನ್ನ ಒದ್ದೆ ಬಟ್ಟೇಲಿ ಒರೆಸಿ ಹೋಗ್ತಾರೆ. ಇದು ಗೊತ್ತಾದ್ರೆ ನನ್ನ ಜೊತೆ ಮಾತು ಬಿಡ್ತಾರೆ."

"ಅದಕ್ಕೇ ಹೇಳ್ತಿರೋದು, ಹೇಗಿದೆಯೋ ಹಾಗೇ ಇರಲಿ ಬಿಡಿ. ಗೌರವ ಆದ್ರೂ ಉಳಿಯುತ್ತೆ."

"ಬಂದವರೆಲ್ಲ ವೀರನ ತಾಯಿ, ವೀರನ ತಾಯಿ ಅಂತಾರೆ ಮೇಡಂ. ಪಾಪ, ಮಗು ಹೋಯ್ತಲ್ಲ ಅಂತ ಒಬ್ರೂ ಅನ್ಲಿಲ್ಲ." ಅವಳು ಈ ಕಡೆ ತಿರುಗಿದಳು. "ಏನಂದ್ರಿ, ಸಿಪಾಯಿ ಅಲ್ಲ ಅಂತಾಗುತ್ತಾ?"

"ಹೂಂ."

"ಅಲ್ವೇ ಅಲ್ಲ. ಅದನ್ನೇ ತಾನೇ ನಾನು ಇಷ್ಟು ದಿನದಿಂದ ಬಡ್ಕೋತಿರೋದು! ಬರೀರಿ."

ತಿದ್ದುಪಡಿ ಅಕ್ಕ ಇಪ್ಪತ್ತೊಂದನ್ನು ಹೊಡೆದುಹಾಕಿ ಮೇಲೆ ಹದಿನೇಳು ಎಂದು ಬರೆದಳು. ಪಕ್ಕದಲ್ಲಿ ಸಹಿ ಹಾಕಿದಳು. ಮೊಹರು ಯಾಕೋ ಸೊಟ್ಟಗೆ ಬಿತ್ತು. ಟೈಲರಮ್ಮ ಬಗ್ಗಿ ಆ ಅಂಕಿಯನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಪ್ಯಾಂಟು ಸಾಕ್ಷಿಗೆ ಇಟ್ಕೋತೀರಾ?"

"ಬೇಡ ತಾಯಿ, ಮನೆಗೆ ತಗೊಂಡ್ಹೋಗಿ."

ತಾನೇ ಮಡಚಿ ಕೊಡೋಣವೆಂದು ಎತ್ತಿಕೊಂಡಾಗ ಕಾಲಿನ ತುದಿಯಲ್ಲಿ ಏನೋ ದಪ್ಪಗೆ ಕೈಗೆ ಸಿಕ್ಕಿತು. ತಿರುಗಿಸಿ ನೋಡಿದಳು. ಒಳಗೆ ಇನ್ನೂ ಒಂದು ಮಡಿಕೆ ಇತ್ತು, ಹೊಲಿಗೆ ಬಿಚ್ಚಿರಲಿಲ್ಲ.

"ಅದು ಮುಂದಿನ ರಜೆಗೆ ಅಂತ ಬಿಟ್ಟಿದ್ದೆ," ಎಂದಳು ಟೈಲರಮ್ಮ.