ಪೇಟಿಯ ಸುರಕ್ಕೆ ಕೂಡಿದ ಕೆಂಪು ಗಿಟಾರ್

ಆಗಿನ ಬೇಸಿಗೆಗಳು ಮುಗಿಯುತ್ತಲೇ ಇರಲಿಲ್ಲ. ಶಾಲೆಗೆ ಬೀಗ ಬಿತ್ತೆಂದರೆ ಅಂದೋಲಾದಲ್ಲಿ ದಿನಗಳು ಒಂದಕ್ಕೊಂದು ಅಂಟಿಕೊಂಡು, ಇವತ್ತು ಮಂಗಳವಾರವೋ ಗುರುವಾರವೋ ಅನ್ನುವುದೇ ತಿಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಚೌಕಾಬಾರಾ ಮನೆಗಳು, ಬಾಯಲ್ಲಿ ಉಪ್ಪುಖಾರ ಹಚ್ಚಿದ ಹುಣಸೆ, ಒಳಗೆ ಅವ್ವ ಶೇಂಗಾ ಹುರಿಯುವ ವಾಸನೆ. ಸೋಮವಾರ ಒಂದು ಮಾತ್ರ ತಪ್ಪದೆ ಗೊತ್ತಾಗುತ್ತಿತ್ತು. ಅವತ್ತು ಸಂಜೆ ಮಠದಲ್ಲಿ ಭಜನೆ ಇರುತ್ತಿತ್ತು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮಧ್ಯಾಹ್ನವೇ ಪೇಟಿಯ ಮೇಲಿನ ಬಟ್ಟೆ ಸರಿಸಿ ಒಂದೊಂದೇ ಮನೆ ಒತ್ತಿ ನೋಡುತ್ತಿದ್ದ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೆಸರು, ಅದರ ಕೀಗಳಿಗೆ ಮನೆ ಅಂತ.

ಆ ಪೇಟಿಯ ಪಕ್ಕದಲ್ಲಿ ಕೂಡುವುದು ನನ್ನ ಆಸೆ. ಕೇಳುವವಳಾಗಿ ಅಲ್ಲ, ಬಾರಿಸುವವಳಾಗಿ. ಮುತ್ಯಾ ನನಗೆ ಪೇಟಿ ಕಲಿಸಲು ನೋಡಿ ಸೋತಿದ್ದ. ನನ್ನ ಬೆರಳುಗಳು ಅಲ್ಲಿ ನಿಲ್ಲುತ್ತಿರಲಿಲ್ಲ. ಹೀಗಿರುವಾಗ ಜೇವರ್ಗಿಯ ಒಂದು ಮದುವೆಯಲ್ಲಿ ಆರ್ಕೆಸ್ಟ್ರಾದವರು ಬಂದಿದ್ದರು. ಒಬ್ಬ ಸಣಕಲ ಮನುಷ್ಯ ಕೆಂಪು ಗಿಟಾರಿನ ಒಂದೇ ಒಂದು ತಂತಿ ಮೀಟಿದ. ಆ ನಾದ ಮಂಟಪ ದಾಟಿ, ಊಟದ ಪಂಕ್ತಿ ದಾಟಿ ಎಲ್ಲಿಗೋ ಹೋಯಿತು. ನನ್ನ ಎಲೆಯ ಮೇಲಿನ ಬುಂದಿ ಹಾಗೇ ಉಳಿಯಿತು.

ಹವಳಗಾದ ಸಕ್ಕರೆ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಶಿವು ಮಾಮಾ, ಅವ್ವನ ತಮ್ಮ, ನಾನು ಏಳನೇ ಇಯತ್ತೆಯಲ್ಲಿ ಮೊದಲ ನಂಬರ್ ಬಂದರೆ ಕೇಳಿದ್ದು ಕೊಡಿಸುವುದಾಗಿ ಬಾಯಿ ಬಿಟ್ಟು ಸಿಕ್ಕಿಹಾಕಿಕೊಂಡಿದ್ದ. ನಾನು ಬಂದೆ. ಕೆಂಪು ಗಿಟಾರ್ ಕೇಳಿದೆ. ಅವ್ವನಿಗೆ ತಲೆ ಕೆಟ್ಟಿತು.

"ಲೇ ಶಿವ್ಯಾ, ಹೆಣ್ಣಮಗಳಿಗಿ ಕಾಲ್ಚೈನ್ ಕೊಡಸು ಅಂದ್ರ ತಂತಿ ಕಟ್ಟಿಗಿ ತರಾಕ ಹೊಂಟೀ ಏನು?"

"ಅಕಿ ಕೇಳಿದ್ದು ಕೊಡಸ್ತೇನಿ ಅಕ್ಕಾ. ಕಾಲ್ಚೈನ್ ಕೇಳಾಕತ್ತಾಕಿ ನೀನು," ಅಂದ ಮಾಮಾ.

ಕಲಬುರಗಿಯ ಆ ಅಂಗಡಿಯಲ್ಲಿ ಬ್ಯಾಂಡಿನವರ ತುತ್ತೂರಿಗಳು ಸೂರಿಗೆ ನೇತುಬಿದ್ದಿದ್ದವು. ಅಂಗಡಿಯ ಚಾಚಾ ಗಿಟಾರನ್ನು ಥರ್ಮೋಕೋಲಿನಿಂದ ಬಿಡಿಸಿ ನನ್ನ ತೊಡೆಯ ಮೇಲಿಟ್ಟ. ಹೊಸ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಮೀಟಿದರೆ ಸೊಳ್ಳೆ ಹಾಡಿದಷ್ಟು ಸಪ್ಪಳ. ನನ್ನ ಮುಖ ಸಣ್ಣದಾಯಿತು.

"ಇದು ಕರೆಂಟಿಂದು ಬೇಟಾ," ಅಂದ ಚಾಚಾ. "ಇದರ ಜೋಡಿ ಆವಾಜಿನ ಡಬ್ಬಿ ಬೇರೆ ತಗೋಬೇಕು."

"ನಮ್ಮ ಅಕ್ಕನ ಊರ ಮಠದಾಗ ಮೈಕ್ ಸೆಟ್ ಅದರೀ, ಸಾಕು," ಅಂದುಬಿಟ್ಟ ಮಾಮಾ. ಚಾಚಾ ನಕ್ಕು, ಒಂದು ವಾಯರು, ಒಂದು ಹೆಚ್ಚಿನ ತಂತಿ, ಗಿಟಾರಿನ ತಲೆಗೆ ಕಚ್ಚಿಸುವ ಚಿಮುಟದಂಥ ಸುರದ ಮಿಷನ್ ಮತ್ತು ಯಾವ ತಂತಿ ಯಾವ ಸುರಕ್ಕೆ ಅಂತ ಬರೆದ ಒಂದು ಚೀಟಿ ಕೊಟ್ಟ. ತಂತಿ ಸರಿಯಾದ ಸುರಕ್ಕೆ ಬಂದರೆ ಮಿಷನ್ನಿನಲ್ಲಿ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಬಸ್ಸು ಭೀಮಾ ಸೇತುವೆಯ ಮೇಲೆ ಬಂದಾಗ ಕಿಟಕಿಯ ಗಾಳಿ ತಂತಿಗಳಿಗೆ ತಾಕಿ ಅವು ತಮ್ಮಷ್ಟಕ್ಕೆ ಗುನುಗಿದವು. ಹಾಗೆ ಈಗಲೂ ನೆನಪಿದೆ. ನಿಜವಾಗಿ ಗುನುಗಿದವೋ, ನನಗೆ ಜೋಂಪು ಹತ್ತಿತ್ತೋ ಹೇಳಲಾರೆ.

ಶನಿವಾರ ಇಡೀ ದಿನ ಪಡಸಾಲೆಯೇ ವರ್ಕ್‌ಶಾಪ್ ಆಯಿತು. ತಂತಿಗಳು ಗಿಟಾರಿನ ಕತ್ತಿನ ಕೋಲಿನಿಂದ ಬಹಳ ಎತ್ತರದಲ್ಲಿದ್ದವು. ಒತ್ತಿದರೆ ಬೆರಳಿಗೆ ಗೆರೆ ಬೀಳುತ್ತಿತ್ತು. ಮಾಮಾ ಫ್ಯಾಕ್ಟರಿಯಿಂದ ತಂದಿದ್ದ ಸಣ್ಣ ಎಲನ್ ಕೀ ಹಾಕಿ, ತಂತಿಯ ಬುಡದ ಸ್ಕ್ರೂ ಅಷ್ಟಷ್ಟೇ ತಿರುಗಿಸಿ, ಎಂಜಿನ್ನಿನ ಸಂದು ಅಳೆಯುವ ತಗಡಿನ ಎಲೆಗಳನ್ನು ತಂತಿಯ ಕೆಳಗೆ ತೂರಿಸಿ ನೋಡುತ್ತಿದ್ದ. ಅವನ ಅಂಗಿಯಲ್ಲಿ ಯಾವಾಗಲೂ ಕಾಕಂಬಿಯ ವಾಸನೆ. ನೋಡುವುದಿಲ್ಲ ನೋಡುವುದಿಲ್ಲ ಅನ್ನುತ್ತಲೇ ಅವ್ವ ಬಗ್ಗಿ ನೋಡಿದಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಪಟ್ಟನೆ ಹಾರಿ ಗಿಟಾರಿನ ನಡುವಿನ ಅಯಸ್ಕಾಂತಕ್ಕೆ ಅಂಟಿತು. ಅವ್ವ ಕೈ ಕೊಡವಿ ಎರಡು ಹೆಜ್ಜೆ ಹಿಂದೆ ಸರಿದಳು.

"ಇದಕ್ಕ ಜೀವ ಅದ ಬೇ!"

ಅಲ್ಲಿಂದ ಅವಳು ಗಿಟಾರನ್ನು ಬೈಯುವುದು ಬಿಟ್ಟಳು.

ಆದರೆ ಮುತ್ಯಾ ಇನ್ನೂ ಅದನ್ನು ಮುಟ್ಟಿರಲಿಲ್ಲ. ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ, ಫ್ಯಾನೋ ಹೊಲಿಗೆ ಮಿಷನ್ನೋ, ಮುತ್ಯಾ ಮೂರು ಬೆರಳಿಂದ ವಿಭೂತಿ ಎಳೆದ ಮೇಲೇ ಅದು ಮನೆಯದಾಗುತ್ತಿತ್ತು. ಗಿಟಾರಿಗೆ ವಿಭೂತಿ ಬಿದ್ದಿರಲಿಲ್ಲ. ನನಗೆ ಅನ್ನ ಸೇರಲಿಲ್ಲ.

ಭಾನುವಾರ ಮಾಮಾ ಮಿಷನ್ ಕಚ್ಚಿಸಿ ಆರೂ ತಂತಿಗೆ ಹಸಿರು ದೀಪ ಬರಿಸಿದ. ಗಿಟಾರ್ ಎತ್ತಿಕೊಂಡು ಮುತ್ಯಾನ ಮುಂದೆ ಕೂತೆ. ಮುತ್ಯಾ ಪೇಟಿಯ ಒಂದು ಮನೆ ಒತ್ತಿ, ಬಾರಿಸು ಅನ್ನುವಂತೆ ಗದ್ದ ಎತ್ತಿದ. ನಾನು ಅದೇ ಸುರದ ತಂತಿ ಮೀಟಿದೆ. ಅನ್ನದಲ್ಲಿ ಹರಳು ಸಿಕ್ಕ ಹಾಗೆ ಕಿವಿ ಕರಕರ ಅಂದಿತು.

"ಕೂಡಲಿಲ್ಲ," ಅಂದ ಮುತ್ಯಾ.

"ಮಿಷನ್ ಹಸರ ತೋರಸಾಕತ್ತದರೀ ಮಾವಾರ," ಅಂದ ಮಾಮಾ. "ಗಿಟಾರ್ ಬರೋಬ್ಬರಿ ಅದ. ನಿಮ್ಮ ಪೇಟಿ ಇಳದದ, ನೋಡ್ರಿ."

ಮುತ್ಯಾ ಸಿಟ್ಟಾಗಲಿಲ್ಲ. ಪೇಟಿಯ ಮೇಲೆ ಅಂಗೈ ಇಟ್ಟ.

"ಇಳದಿರಬೇಕಪ್ಪ. ಇದರ ಜೋಡಿ ಊರ ಮಂದಿ ಗಂಟಲಾನೂ ಇಳದಾವ. ನಾಳಿ ನಾ ಅವರಿಗಿ ಏನಂತ ಹೇಳ್ಲಿ, ಮಿಷನ್ ಹೇಳ್ಯಾದ, ಮ್ಯಾಲ ಹಾಡ್ರಿ ಅಂತ ಹೇಳ್ಲೇನು?" ಆಮೇಲೆ ನನ್ನ ಕಡೆ ತಿರುಗಿ, "ಪೇಟಿ ಜೋಡಿ ಕೂಡ್ತಂದ್ರ ನಾಳಿ ಮಠಕ್ಕ ತಗೊಂಡು ಬಾ ತಂಗಿ. ಕೂಡ್ಲಿಲ್ಲಂದ್ರ ಮನ್ಯಾಗ ಬಾರಿಸ್ಕೊ. ನಾ ಬ್ಯಾಡ ಅನ್ನಂಗಿಲ್ಲ," ಅಂದ.

ಬೇಡ ಅಂದಿದ್ದರೆ ಜಗಳವಾದರೂ ಮಾಡಬಹುದಿತ್ತು.

ಮಾಮಾ ಹಟಕ್ಕೆ ಬಿದ್ದ. ಕೂಡಲಿಲ್ಲವೆಂದರೆ ಸಡಿಲಾಗಿದೆ, ಸಡಿಲಾಗಿದ್ದರೆ ಬಿಗಿಯಬೇಕು. ಫಿಟ್ಟರನ ಲೆಕ್ಕ ಅಷ್ಟೇ. ತೆಳ್ಳನೆಯ ತಂತಿಯನ್ನು ತಿರುವಿದ, ಇನ್ನೂ ತಿರುವಿದ. ಟಣ್ ಅಂತ ಹರಿದು ಅದು ನನ್ನ ಕೆನ್ನೆಗೆ ಬೀಸಿತು. ಉರಿಯಿತು, ಆದರೆ ನಾನು ಅತ್ತದ್ದು ಉರಿಗಲ್ಲ. ನಮ್ಮ ಹತ್ತಿರ ಇದ್ದದ್ದು ಒಂದೇ ಹೆಚ್ಚಿನ ತಂತಿ. ಮಾಮಾ ಅದನ್ನು ಕಟ್ಟಿ, ಮಿಷನ್ನನ್ನು ಕಿಸೆಗೆ ಹಾಕಿಕೊಂಡು, ಬೀಡಿ ಸೇದಲು ಹೊರಗೆ ಹೋದ.

ಸೋಮವಾರ ಮಧ್ಯಾಹ್ನ. ಬಿಸಿಲಿಗೆ ಊರೇ ಕಣ್ಣು ಮುಚ್ಚಿತ್ತು. ಮುತ್ಯಾ ಒಳಕೋಣೆಯ ಹೊರಸಿನ ಮೇಲೆ ಮಲಗಿದ್ದ. ನಾನು ಗಿಟಾರ್ ಅಪ್ಪಿಕೊಂಡು, ಅದರ ಮರಕ್ಕೆ ಕಿವಿ ಹಚ್ಚಿ ಕೂತೆ. ಹಾಗೆ ಹಚ್ಚಿದಾಗ ಅದು ಸೊಳ್ಳೆಯ ಸಪ್ಪಳವಾಗಿರಲಿಲ್ಲ. ಒಳಗೆ ದೊಡ್ಡ ಬಾವಿ ಇದ್ದ ಹಾಗೆ ನಾದ ಕೆಳಕೆಳಗೆ ಇಳಿಯುತ್ತಿತ್ತು. ಪೇಟಿಯ ಜೊತೆ ಕೇಳಿಸಿಕೊಳ್ಳಬೇಕೆಂದರೆ ತಿದಿ ಒತ್ತಲು ಮೂರನೇ ಕೈ ಬೇಕು. ಅವ್ವನನ್ನು ನೋಡಿದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

"ಎಲ್ಲಿ ಒತ್ತಬೇಕು ಹೇಳು," ಅಂದಳು.

ಅವ್ವ ಒಂದು ಕೈಯಲ್ಲಿ ತಿದಿ ಹಾಕಿದಳು, ಇನ್ನೊಂದು ಕೈಯ ಬೆರಳಿಂದ ನಾನು ತೋರಿಸಿದ ಮನೆ ಒತ್ತಿ ಹಿಡಿದಳು. ನಾನು ಮೀಟಿದೆ. ಎರಡು ನಾದಗಳ ನಡುವೆ ಒಂದು ಅಲೆ ಇತ್ತು, ವಂವಂವಂವಂ ಅಂತ. ಮಾಮಾ ತಿರುವಿದ್ದಕ್ಕೆ ಉಲ್ಟಾ, ಕೂದಲೆಳೆಯಷ್ಟು ಸಡಿಲ ಬಿಟ್ಟೆ. ಅಲೆ ನಿಧಾನವಾಯಿತು. ವಂ, ವಂ, ವಂ. ಇನ್ನಷ್ಟು ಬಿಟ್ಟೆ. ತೂಗಿ ಬಿಟ್ಟ ತೊಟ್ಟಿಲು ತಾನಾಗಿಯೇ ನಿಲ್ಲುವ ಹಾಗೆ ಅದು ದೊಡ್ಡದಾಗಿ, ಮೆಲ್ಲಗಾಗಿ, ಎಲ್ಲೋ ಒಂದು ಕಡೆ ನಿಂತೇ ಹೋಯಿತು. ಪೇಟಿ ಯಾವುದು ತಂತಿ ಯಾವುದು ಗೊತ್ತಾಗಲಿಲ್ಲ. ಅವ್ವನ ಕೈ ತಿದಿಯ ಮೇಲೆ ಹಾಗೇ ನಿಂತಿತ್ತು, ಆದರೂ ನಾದ ಇತ್ತು. ಹೊರಗಿನ ಬಿಸಿಲೇ ಅದನ್ನು ಹಿಡಿದುಕೊಂಡಂತಿತ್ತು.

ಒಳಕೋಣೆಯಿಂದ ದನಿ ಬಂತು.

"ಹಾಂ. ಕೂಡ್ತು."

ಮುತ್ಯಾನಿಗೆ ನಿದ್ದೆಯೇ ಹತ್ತಿರಲಿಲ್ಲ. ಉಳಿದ ಐದು ತಂತಿಗಳನ್ನೂ ಅವನು ಹೊರಸಿನ ಮೇಲಿಂದಲೇ ಕೂಡಿಸಿದ. ನಾನು ತಿರುವುತ್ತಿದ್ದೆ, ಅವ್ವ ಒತ್ತುತ್ತಿದ್ದಳು, ಅವನು ಗೋಡೆಯ ಆಚೆಯಿಂದ "ಇನ್ನಾ", "ಇನ್ನಾ", "ನಿಂದ್ರು", "ಕೂಡ್ತು" ಅನ್ನುತ್ತಿದ್ದ. ಆಮೇಲೆ ಮಾಮಾ ಮಿಷನ್ ತಂದು ಕಚ್ಚಿಸಿದರೆ ಆರಕ್ಕೆ ಆರೂ ಕೆಂಪು ದೀಪ. ಅವನು ಮಿಷನ್ನನ್ನು ಒಮ್ಮೆ, ನಮ್ಮ ಮೂವರನ್ನು ಒಮ್ಮೆ ನೋಡಿ, "ಹಿಂಗಾದ್ರ ನಾ ಏನ್ ಮಾಡ್ಲಿರೀ," ಅಂತ ನಕ್ಕುಬಿಟ್ಟ.

ಸಂಜೆ ಮಠದಲ್ಲಿ ಮೈಕ್ ಸೆಟ್ಟಿಗೆ ವಾಯರು ಸಿಕ್ಕಿಸಿದ್ದು ಮಾಮಾನೇ. ಚಾವಣಿಯ ಮೇಲಿನ ಹಾರ್ನು ಕೀಂ ಅಂತ ಚೀರಿತು. ಪಾರಿವಾಳಗಳು ಒಮ್ಮೆಗೇ ಎದ್ದವು. ಬಡಿಯಲು ದಮ್ಮಡಿ ಹಿಡಿದು ಕೂತಿದ್ದ ಹಿರಿಯರು ಕಿವಿ ಮುಚ್ಚಿಕೊಂಡು ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾಮಾ ಮೈಕ್ ಸೆಟ್ಟಿನ ಆವಾಜು ಕಡಿಮೆ ಮಾಡಿದ. ಮುತ್ಯಾ ಯಾರ ಮುಖವನ್ನೂ ನೋಡದೆ, ಬಟ್ಟಲಲ್ಲಿ ಕಲಸಿಟ್ಟ ವಿಭೂತಿಗೆ ಮೂರು ಬೆರಳು ಅದ್ದಿ, ಗಿಟಾರಿನ ಕೆಂಪು ಮೈಮೇಲೆ ಅಡ್ಡ ಎಳೆದ. ಆಮೇಲೆ ತನ್ನ ಪಕ್ಕದ ಕಂಬಳಿ ತಟ್ಟಿದ.

"ಕೂಡು ಬಾ."

ನನಗೆ ಬರುತ್ತಿದ್ದದ್ದು ಒಂದೇ. ಮುತ್ಯಾ ಹಾಡುವ ಆಧಾರದ ಸುರವನ್ನು ಬಿಟ್ಟು ಬಿಟ್ಟು ಮೀಟುವುದು. ಅಷ್ಟನ್ನೇ ಮಾಡಿದೆ. ನಾನು ಇಲ್ಲಿ ಮೀಟಿದ್ದು ಚಾವಣಿಯ ಮೇಲಿಂದ ಹೋಗಿ, ಹೊಲಗಳ ಮೇಲೆ ಹೋಗಿ, ಯಾವುದೋ ಗೋಡೆಗೆ ತಾಕಿ ತಡವಾಗಿ ವಾಪಸು ಬರುತ್ತಿತ್ತು. ಮುತ್ಯಾ ಕಣ್ಣು ಮುಚ್ಚಿ ಅದರ ಮೇಲೆ ಹಾಡುತ್ತಿದ್ದ. ಊದಿನಕಡ್ಡಿಯ ಹೊಗೆ, ಒಡೆದ ಕಾಯಿಯ ವಾಸನೆ, ಬಾಗಿಲಲ್ಲಿ ಸಂಜೆಯ ಹಳದಿ ಬೆಳಕು. ಅಷ್ಟು ಸುಖವಾಗಿ ನಾನು ಮತ್ತೆ ಎಲ್ಲಿಯೂ ಕೂತಿಲ್ಲ.

ಆ ಮೇಲೆ ಹತ್ತು ವರ್ಷ ನಾನು ಪೇಟಿಯ ಪಕ್ಕದಲ್ಲೇ ಕೂತೆ. ಮಿಷನ್ನಿನ ಸೆಲ್ಲು ಮುಗಿದದ್ದೂ ನಮಗೆ ಗೊತ್ತಾಗಲಿಲ್ಲ.

ನಾನು ಅಫಜಲಪುರದಲ್ಲಿ ಶಿಕ್ಷಕಿಯಾದ ವರ್ಷ ಪೇಟಿಯ ತಿದಿ ಸೋರತೊಡಗಿತ್ತು. ಮೊದಲ ಪಗಾರದಲ್ಲಿ ಮುತ್ಯಾನಿಗೆ ಏನಾದರೂ ಮಾಡಬೇಕೆಂಬ ಹುಮ್ಮಸ್ಸು ನನಗೆ. ಹೇಳದೆ ಕೇಳದೆ ಪೇಟಿ ಎತ್ತಿಕೊಂಡು ಸೊಲ್ಲಾಪುರಕ್ಕೆ ಹೋದೆ. ರಿಪೇರಿಯವನು ತಿದಿಗೆ ಹೊಸ ಬಟ್ಟೆ ಹಚ್ಚಿ, ಸುರಾನೂ ಮಿಲಾಯಿಸಬೇಕೇನ್ರಿ ಅಂತ ಕೇಳಿದ. ಎಲ್ಲಾ ಸರಿ ಮಾಡಿಬಿಡ್ರಿ ಅಂದವಳು ನಾನೇ. ಇಳಿದ ಸುರ ಏರಿಸಲು ಅವನು ಒಳಗೆ ನಾದ ಹೊರಡಿಸುವ ಪಿತ್ತಳೆಯ ನಾಲಿಗೆಗಳನ್ನು ಒಂದೊಂದಾಗಿ ಕೆರೆದ. ಹಾಸಿದ ಪೇಪರಿನ ಮೇಲೆ ಸಣ್ಣ ಹೊಳೆಯುವ ಹುಡಿ ಬಿತ್ತು. ಚಂದ ಕಾಣುತ್ತಿದೆ ಅಂದುಕೊಂಡು ನೋಡುತ್ತ ಕೂತಿದ್ದೆ. ಕೊನೆಗೆ ಅವನು ಪೇಪರ್ ಮಡಚಿ ಕಸದ ಬುಟ್ಟಿಗೆ ಕೊಡವಿದ.

ಊರಿಗೆ ತಂದಾಗ ಮುತ್ಯಾ ಪೇಟಿಯ ಒಂದು ಮನೆ ಒತ್ತಿದ. ಇನ್ನೊಂದು ಒತ್ತಿದ. ನನ್ನ ಮುಖ ನೋಡಿ, "ಚಲೋ ಮಾಡ್ಯಾರವ್ವ," ಅಂದ. ಆ ಸೋಮವಾರ ಭಜನೆಯಲ್ಲಿ ಎಲ್ಲರ ದನಿಯೂ ಕೆಳಗೇ ಹೋಗುತ್ತಿತ್ತು. ಪೇಟಿ ಒಂದೇ ಮೇಲೆ ಉಳಿಯುತ್ತಿತ್ತು. ಎರಡನೇ ಪದಕ್ಕೆ ಮುತ್ಯಾ ಪೇಟಿ ಮುಚ್ಚಿ ಬರೀ ತಾಳ ಹಿಡಿದುಕೊಂಡು ಹಾಡಿದ. ಊರ ಗಂಟಲು ಕೂಡುತ್ತಿದ್ದ ಸುರವನ್ನೇ ನಾನು ಕೆರೆಸಿ ಬಂದಿದ್ದೆ ಅನ್ನುವುದು ಆಗ ಹೊಳೆಯಿತು. ಅವನು ಒಂದು ದಿನವೂ ಆ ಮಾತು ಎತ್ತಲಿಲ್ಲ. ಮುಂದೆ ಎರಡು ವರ್ಷ ಇದ್ದು ಹೋದ.

ಈಗ ಪೇಟಿ ನನ್ನ ಮನೆಯಲ್ಲಿದೆ. ಗಿಟಾರ್ ಅದರ ಪಕ್ಕದಲ್ಲಿದೆ. ವಿಭೂತಿಯ ಬಿಳಿ ತಂತಿಯ ಬುಡದ ಸಂದಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಬಟ್ಟೆಯಿಂದ ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸುತ್ತೇನೆ. ಸುರ ನೋಡಲು ಮೊಬೈಲ್ ಇದೆ. ಪೇಟಿಯ ಜೊತೆ, ಮೊಬೈಲಿನ ಜೊತೆ, ಲೋಕದ ಯಾವ ಗಿಟಾರಿನ ಜೊತೆ ಬೇಕಾದರೂ ನನ್ನದು ಕೂಡುತ್ತದೆ.

ಕೆಲವು ಸೋಮವಾರ ಸಂಜೆ ಮೊಬೈಲಿನಲ್ಲಿ ಹಸಿರು ದೀಪ ಬಂದ ಮೇಲೆ ಗಿಟಾರಿನ ಬಿರಡೆಯನ್ನು ಮೆಲ್ಲಗೆ ಸಡಿಲ ಬಿಡುತ್ತೇನೆ. ದೀಪ ಕೆಂಪಾಗುತ್ತದೆ. ಇನ್ನಷ್ಟು ಬಿಡುತ್ತೇನೆ. ಮರಕ್ಕೆ ಕಿವಿ ಹಚ್ಚಿ ಕಾಯುತ್ತೇನೆ. ಮುತ್ಯಾನ ಸುರ ಇಲ್ಲೇ ಇತ್ತು ಅನ್ನಿಸುತ್ತದೆ, ಇಲ್ಲ, ಇನ್ನೂ ಕೆಳಗಿತ್ತು ಅನ್ನಿಸುತ್ತದೆ. ಗೋಡೆಯ ಆಚೆ ಹೊರಸಿಲ್ಲ. ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ತಿರುವುತ್ತಲೇ ಇರುತ್ತೇನೆ.